ಒಂದೇ ಹಾಡು, ಹಲವು ರಾತ್ರಿ: ಪಟ್ಟಿ ಬದಲಿಸುವ ರಾಕ್ ಬ್ಯಾಂಡ್‌ಗಳನ್ನು ಕೇಳುವ ಕ್ರಮ

ಹೆಚ್ಚಿನ ರಾಕ್ ಬ್ಯಾಂಡ್‌ಗಳು ಪ್ರವಾಸಕ್ಕೆ ಹೊರಡುವ ಮೊದಲೇ ಯಾವ ಹಾಡಿನ ನಂತರ ಯಾವ ಹಾಡು ಎಂಬುದನ್ನು ನಿಶ್ಚಯಿಸಿಕೊಂಡು, ಊರಿಂದ ಊರಿಗೆ ಬಹುಮಟ್ಟಿಗೆ ಅದೇ ಪಟ್ಟಿಯನ್ನು ನುಡಿಸುತ್ತ ಹೋಗುತ್ತವೆ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ ಐರನ್ ಮೇಡನ್ ಈ ಪದ್ಧತಿಯ ಬ್ಯಾಂಡ್. ಇದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಬೆಳಕು, ರಂಗಸಜ್ಜಿಕೆ, ಪರದೆಯ ಮೇಲಿನ ಚಿತ್ರಗಳು, ಬೆಂಕಿಯ ಜ್ವಾಲೆಗಳು ಎಲ್ಲವನ್ನೂ ಹಾಡಿನ ಇಂತಿಂಥ ಜಾಗಕ್ಕೆ ಎಂದು ಮೊದಲೇ ಹೊಂದಿಸಿಟ್ಟಿರುವಾಗ ಕ್ರಮ ಬದಲಿಸುವುದು ಸುಲಭವಲ್ಲ. ಇದಕ್ಕೆ ಭಿನ್ನವಾಗಿ, ಇಂದು ನುಡಿಸಿದ್ದನ್ನು ನಾಳೆ ನುಡಿಸದೆ, ನುಡಿಸಿದರೂ ಹಾಗೆಯೇ ನುಡಿಸದೆ, ನೂರಾರು ಹಾಡುಗಳನ್ನು ಸದಾ ಕೈಯಲ್ಲಿಟ್ಟುಕೊಂಡು ವೇದಿಕೆ ಹತ್ತುವ ಬ್ಯಾಂಡ್‌ಗಳೂ ಇವೆ. ಅಂಥವನ್ನು ಹೊಸದಾಗಿ ಕೇಳಲು ತೊಡಗುವವರಿಗಾಗಿ ಈ ಬರಹ.

ಅವರಿಗೆ ಎದುರಾಗುವ ಮೊದಲ ತೊಡಕು ರಾಶಿಯದು. ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ಒಂದೇ ಬ್ಯಾಂಡ್ 1965ರಿಂದ 1995ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಕಾರ್ಯಕ್ರಮಗಳನ್ನು ಕೊಟ್ಟಿತು. ಅವುಗಳಲ್ಲಿ ಬಹುಪಾಲಿನ ಧ್ವನಿಮುದ್ರಣ ಇಂದಿಗೂ ಕೇಳಲು ಸಿಗುತ್ತದೆ. ಯಾವುದನ್ನು ಆರಿಸಬೇಕು ಎಂದು ತಿಳಿಯದ ಹೊಸ ಕೇಳುಗರು ‘ಅತ್ಯುತ್ತಮ ಹತ್ತು ಕಾರ್ಯಕ್ರಮಗಳು’ ಎಂಬಂಥ ಪಟ್ಟಿಯ ಮೊರೆಹೋಗಿ, ಮೂರು ಗಂಟೆಯ ಒಂದು ಮುದ್ರಣವನ್ನು ಹಾಕಿ, ಇಪ್ಪತ್ತನೆಯ ನಿಮಿಷಕ್ಕೆ ದಣಿದು ಬಿಟ್ಟುಬಿಡುತ್ತಾರೆ. ನಾನು ಸೂಚಿಸುವ ದಾರಿ ಬೇರೆ. ಕಾರ್ಯಕ್ರಮವನ್ನು ಆರಿಸಿಕೊಳ್ಳಬೇಡಿ, ಒಂದು ಹಾಡನ್ನು ಆರಿಸಿಕೊಳ್ಳಿ. ಆ ಹಾಡನ್ನು ಬೇರೆ ಬೇರೆ ರಾತ್ರಿಗಳಲ್ಲಿ ಹಿಂಬಾಲಿಸಿ. ನಮ್ಮ ಕಚೇರಿಗಳನ್ನು ಕೇಳಿ ಬೆಳೆದ ಕಿವಿಗೆ ಇದು ಹೊಸತಲ್ಲ: ಒಬ್ಬರೇ ವಿದ್ವಾಂಸರು ಒಂದೇ ಕೃತಿಯನ್ನು ಎರಡು ಸಂಜೆ ಹಾಡಿದಾಗ ನೆರವಲ್ಲಿಗೆ ಯಾವ ಸಾಲನ್ನು ಹಿಡಿದರು, ಸ್ವರವನ್ನು ಎಲ್ಲಿ ನಿಲ್ಲಿಸಿದರು ಎಂದು ಗಮನಿಸುವ ರೂಢಿ ಇಲ್ಲಿಯೂ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮುದ್ರಣಗಳನ್ನು ಹುಡುಕುವುದು

ಗ್ರೇಟ್‌ಫುಲ್ ಡೆಡ್ ತನ್ನ ಕೇಳುಗರಿಗೆ ಧ್ವನಿಮುದ್ರಣದ ಸ್ವಾತಂತ್ರ್ಯವನ್ನು ಕೊಟ್ಟಿತ್ತು. 1984ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯಲ್ಲಿ ನಡೆದ ಕಾರ್ಯಕ್ರಮಗಳಿಂದ ಮುಂದಕ್ಕೆ, ಮೈಕು ಹಿಡಿದು ಬರುವ ‘ಟೇಪರ್’ಗಳಿಗಾಗಿ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನೇ ಮೀಸಲಿಟ್ಟಿತು. ಟೇಪುಗಳನ್ನು ಪರಸ್ಪರ ಹಂಚಿಕೊಳ್ಳಬಹುದು, ಮಾರಬಾರದು ಎಂಬುದೊಂದೇ ಮುಖ್ಯ ಕಟ್ಟುಪಾಡು. ಆ ಹಂಚಿಕೆಯ ಫಲ ಇಂದು ಇಂಟರ್ನೆಟ್ ಆರ್ಕೈವ್‌ನ ಲೈವ್ ಮ್ಯೂಸಿಕ್ ಆರ್ಕೈವ್ ವಿಭಾಗದಲ್ಲಿದೆ. 2002ರಲ್ಲಿ ಆರಂಭವಾದ ಈ ವಿಭಾಗದಲ್ಲಿ ಬೇರೆ ಸಾವಿರಾರು ತಂಡಗಳ ಕಾರ್ಯಕ್ರಮಗಳೂ ಉಚಿತವಾಗಿ ದೊರೆಯುತ್ತವೆ.

ಅಲ್ಲಿ ಬ್ಯಾಂಡಿನ ಹೆಸರಿನೊಂದಿಗೆ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ಅಂದರೆ 1977-05-08 ಎಂಬ ರೀತಿಯಲ್ಲಿ ಕೊಟ್ಟು ಹುಡುಕಬೇಕು. ಒಂದೇ ರಾತ್ರಿಯ ಹಲವು ಮುದ್ರಣಗಳು ಕಾಣಿಸಿಕೊಂಡಾಗ ಗಾಬರಿಯಾಗುವುದು ಬೇಡ. ಅವು ಮುಖ್ಯವಾಗಿ ಮೂರು ಬಗೆಯವು. ಸೌಂಡ್‌ಬೋರ್ಡ್ ಎಂದರೆ ವೇದಿಕೆಯ ಎಲ್ಲ ಮೈಕುಗಳ ಧ್ವನಿಯನ್ನು ಬೆರೆಸುವ ಮಿಕ್ಸರಿನಿಂದ ನೇರವಾಗಿ ತೆಗೆದದ್ದು: ಪ್ರತಿ ವಾದ್ಯವೂ ಹತ್ತಿರದಲ್ಲಿ, ಸ್ಪಷ್ಟವಾಗಿ ಕೇಳುತ್ತದೆ, ಆದರೆ ಸಭಾಂಗಣ ಇಲ್ಲವೇ ಇಲ್ಲವೇನೋ ಎನ್ನಿಸುತ್ತದೆ. ಆಡಿಯನ್ಸ್ ಮುದ್ರಣವೆಂದರೆ ಪ್ರೇಕ್ಷಕರ ನಡುವೆ ಮೈಕಿಟ್ಟು ತೆಗೆದದ್ದು: ಶಬ್ದ ಸ್ವಲ್ಪ ಮಸುಕು, ಆದರೆ ಜನರ ಉಸಿರು, ಕೂಗು, ಗೋಡೆಗಳ ಪ್ರತಿಧ್ವನಿ ಎಲ್ಲವೂ ಅದರಲ್ಲಿವೆ. ಈ ಎರಡನ್ನೂ ಬೆರೆಸಿದ್ದಕ್ಕೆ ಮ್ಯಾಟ್ರಿಕ್ಸ್ ಎಂದು ಹೆಸರು. ಗ್ರೇಟ್‌ಫುಲ್ ಡೆಡ್‌ನ ಆಡಿಯನ್ಸ್ ಮುದ್ರಣಗಳನ್ನು ಇಳಿಸಿಕೊಳ್ಳಬಹುದು. ಸೌಂಡ್‌ಬೋರ್ಡ್ ಮುದ್ರಣಗಳನ್ನು ಅಲ್ಲಿಯೇ ಕೇಳಬೇಕು. ಮೊದಲ ಸಲ ಸೌಂಡ್‌ಬೋರ್ಡ್ ಕೇಳಿ, ಹಾಡು ಪರಿಚಯವಾದ ಮೇಲೆ ಅದೇ ರಾತ್ರಿಯ ಆಡಿಯನ್ಸ್ ಮುದ್ರಣಕ್ಕೆ ಬನ್ನಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಈ ಬ್ಯಾಂಡಿನಲ್ಲಿ ಅರ್ಧದಷ್ಟು ನಿರ್ಧಾರಗಳು ಬಾಸ್ ಗಿಟಾರಿನಲ್ಲಿ ಆಗುತ್ತವೆ, ಫೋನಿನಲ್ಲಿ ಅದು ಕೇಳಿಸುವುದೇ ಇಲ್ಲ.

ಮೊದಲ ಹಾಡು, ನಿಜವಾಗಿ ಎರಡು ಹಾಡು

ಆರಂಭಕ್ಕೆ ನಾನು ಸೂಚಿಸುವುದು ‘ಸ್ಕಾರ್ಲೆಟ್ ಬಿಗೋನಿಯಾಸ್’ ಮತ್ತು ‘ಫೈರ್ ಆನ್ ದ ಮೌಂಟನ್’ ಎಂಬ ಜೋಡಿಯನ್ನು. ಮೊದಲನೆಯದು 1974ರಿಂದ ಒಂಟಿಯಾಗಿಯೇ ನುಡಿಯುತ್ತಿದ್ದ ಹಾಡು. 1977ರ ಮಾರ್ಚ್ 18ರಂದು ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್‌ನಲ್ಲಿ ಎರಡನೆಯದು ಅದರ ಬೆನ್ನಿಗೆ ಬಂದು ಸೇರಿತು. ಅಲ್ಲಿಂದ ಎರಡು ತಿಂಗಳೂ ತುಂಬುವ ಮೊದಲೇ, ಮೇ 8ರಂದು, ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ಬ್ಯಾಂಡ್ ಈ ಜೋಡಿಯನ್ನು ನುಡಿಸಿದ ರೀತಿ ಅಭಿಮಾನಿಗಳ ನಡುವೆ ಮನೆಮಾತಾಗಿದೆ. ಬಾರ್ಟನ್ ಹಾಲ್ ಸಂಗೀತಕ್ಕಾಗಿ ಕಟ್ಟಿದ್ದಲ್ಲ, ಸೈನಿಕ ಕವಾಯತಿಗಾಗಿ ಕಟ್ಟಿದ ವಿಶಾಲ ಕಟ್ಟಡ. ಅಷ್ಟಾದರೂ ಮುದ್ರಣ ತಿಳಿಯಾಗಿರುವುದಕ್ಕೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಧ್ವನಿ ಎಂಜಿನಿಯರ್ ಕಾರಣ. ಅವರು ಸಭಾಂಗಣದ ಸ್ಪೀಕರುಗಳಿಗೆ ಹೋಗುವ ಮಿಶ್ರಣವನ್ನು ಹಾಗೆಯೇ ಇಳಿಸಿಕೊಳ್ಳದೆ, ಟೇಪಿಗಾಗಿಯೇ ಬೇರೆ ಮಿಶ್ರಣವನ್ನು ಕೈಯಾರೆ ಸಿದ್ಧಪಡಿಸುತ್ತಿದ್ದರು. ಅವರ ಟೇಪುಗಳಲ್ಲಿ ಬಹಳಷ್ಟು 1980ರ ದಶಕದಲ್ಲಿ ಗೋದಾಮಿನ ಹರಾಜಿನಲ್ಲಿ ಕೈಬಿಟ್ಟುಹೋಗಿ, ಮುಂದೆ ಅಭಿಮಾನಿಗಳ ಮೂಲಕ ಪ್ರತಿಯಿಂದ ಪ್ರತಿಗೆ ಹರಡಿದವು. ಬಾರ್ಟನ್ ಹಾಲ್‌ನ ಈ ಮುದ್ರಣವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿಕೊಂಡಿದೆ. ಅಧಿಕೃತ ಆಲ್ಬಮ್ ಆಗಿ ಅದು ಹೊರಬಂದದ್ದು ನಲವತ್ತು ವರ್ಷಗಳ ನಂತರ, 2017ರಲ್ಲಿ.

ಎರಡನೆಯ ಸೆಟ್‌ನಿಂದ, ಅಂದರೆ ಕಾರ್ಯಕ್ರಮದ ವಿರಾಮದ ನಂತರದ ಭಾಗದಿಂದ, ಕೇಳಲು ತೊಡಗಿ. ಮುಂದಿನ ಸಾಲಿನಲ್ಲಿ ನೂಕುನುಗ್ಗಲಾಗಿ, ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿಯಿರಿ ಎಂದು ವೇದಿಕೆಯ ಮೇಲಿನಿಂದ ಕೇಳಿಕೊಳ್ಳುವ ಮಾತು ಮೊದಲು ಬರುತ್ತದೆ, ಬಳಿಕ ಹಾಡು. ಸಾಹಿತ್ಯ ಮುಗಿಯುವ ತನಕ ಸುಮ್ಮನೆ ಹಾಡನ್ನು ಅನುಭವಿಸಿ. ಹಾಡುಗಾರಿಕೆ ನಿಂತು ವಾದ್ಯಗಳಷ್ಟೇ ಮುಂದುವರಿಯುವಲ್ಲಿ ನಿಮ್ಮ ಕೆಲಸ ಆರಂಭವಾಗುತ್ತದೆ. ಒಂದು ಸಲ ಫಿಲ್ ಲೆಶ್ ಅವರ ಬಾಸನ್ನು ಮಾತ್ರ ಹಿಡಿದು ಹೋಗಿ: ಅಲೆದಾಡುತ್ತಿದ್ದ ಬಾಸ್ ಎರಡೇ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ನಡುವಿನ ತೂಗಾಟಕ್ಕೆ ಯಾವ ಕ್ಷಣದಲ್ಲಿ ಬಂದು ನೆಲೆಗೊಳ್ಳುತ್ತದೆ ಎಂದು ಗುರುತಿಸಿ. ಆ ಎರಡು ಕಾರ್ಡ್‌ಗಳೇ ‘ಫೈರ್ ಆನ್ ದ ಮೌಂಟನ್’ ಹಾಡಿನ ಇಡೀ ತಳಹದಿ. ಎರಡನೆಯ ಸಲ ಜೆರಿ ಗಾರ್ಸಿಯಾ ಅವರ ಗಿಟಾರನ್ನು ಹಿಡಿಯಿರಿ: ತಂತಿಯನ್ನು ಎಷ್ಟು ಬಲವಾಗಿ ಮೀಟಿದರೆ ನಾದದ ಬಣ್ಣ ಅಷ್ಟು ತೆರೆದುಕೊಳ್ಳುವಂತೆ ಮಾಡುವ ಫಿಲ್ಟರ್ ಒಂದನ್ನು ಅವರು ಈ ಹಾಡಿಗೆ ಬಳಸುತ್ತಿದ್ದರು, ಆ ಬಣ್ಣ ಕಾಣಿಸಿಕೊಂಡಿತೆಂದರೆ ಹೊಸ ಹಾಡಿನ ಮನೆಯೊಳಗೆ ಬಂದಾಯಿತು ಎಂದು ತಿಳಿಯಬಹುದು. ಮೂರನೆಯ ಸಲ ಇಬ್ಬರು ಡ್ರಮ್ಮರ್‌ಗಳನ್ನು ಕೇಳಿ. ಹಳೆಯ ಹಾಡು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಹೋದರೆ ಪ್ರತಿ ಸಲವೂ ಆ ಗೆರೆ ಬೇರೆ ಜಾಗದಲ್ಲಿ ಬೀಳುತ್ತದೆ. ಈ ಬ್ಯಾಂಡಿನ ಹೆಚ್ಚುಗಾರಿಕೆ ನನಗೆ ಮನದಟ್ಟಾಗುವುದು ಇಂಥ ಜಾಗಗಳಲ್ಲಿ. ಯಾರೊಬ್ಬರೂ ತಿರುವಿನ ಸನ್ನೆ ಕೊಡುವುದಿಲ್ಲ, ಎಲ್ಲರೂ ಒಟ್ಟಿಗೆ ತಿರುಗಿರುತ್ತಾರೆ.

ಇದಾದ ಮೇಲೆ ಹಿಂದಕ್ಕೆ ಹೋಗಿ ಮಾರ್ಚ್ 18ರ ವಿಂಟರ್‌ಲ್ಯಾಂಡ್ ಮುದ್ರಣವನ್ನು ಕೇಳಿ. ಜೋಡಿ ಹುಟ್ಟಿದ ರಾತ್ರಿಯದು. ಆಮೇಲೆ ಮುಂದಕ್ಕೆ ಬಂದು 1983ರ ಅಕ್ಟೋಬರ್ 14ರಂದು ಹಾರ್ಟ್‌ಫರ್ಡ್‌ನಲ್ಲಿ ನುಡಿಸಿದ್ದನ್ನು ಕೇಳಿ. ‘ಡಿಕ್ಸ್ ಪಿಕ್ಸ್’ ಎಂಬ ಅಧಿಕೃತ ಮಾಲಿಕೆಯ 6ನೆಯ ಸಂಪುಟದಲ್ಲಿ ಅದು ದೊರೆಯುತ್ತದೆ. ಅಷ್ಟರಲ್ಲಿ ಕೀತ್ ಗಾಡ್‌ಷಾ ಅವರ ಪಿಯಾನೊ ಇದ್ದ ಜಾಗಕ್ಕೆ ಬ್ರೆಂಟ್ ಮಿಡ್‌ಲ್ಯಾಂಡ್ ಅವರ ಆರ್ಗನ್ ಬಂದಿರುತ್ತದೆ, ಗಾರ್ಸಿಯಾ ಅವರ ಕಂಠ ಒರಟಾಗಿರುತ್ತದೆ, ಆದರೆ ಗಿಟಾರಿನ ಧೈರ್ಯ ಹೆಚ್ಚಿರುತ್ತದೆ. ಯಾವುದು ಮೇಲು ಎಂದು ತೀರ್ಪು ಕೊಡುವ ಆತುರ ಬೇಡ. ಮೂರನ್ನೂ ಕೇಳಿದವರಿಗೆ ಹಾಡೆಂದರೆ ಸ್ಟುಡಿಯೋದಲ್ಲಿ ಮುಗಿದುಹೋದ ವಸ್ತುವಲ್ಲ ಎಂಬುದು ಹೇಳದೆಯೇ ಅರಿವಾಗುತ್ತದೆ.

‘ಡಾರ್ಕ್ ಸ್ಟಾರ್’ ಎಂಬ ದೊಡ್ಡ ಹೆಜ್ಜೆ

ಎರಡನೆಯ ಹಾಡಾಗಿ ‘ಡಾರ್ಕ್ ಸ್ಟಾರ್’ ಅನ್ನು ತೆಗೆದುಕೊಳ್ಳಿ. ಇದು ಸ್ವಲ್ಪ ಕಠಿಣ, ತಾಳ್ಮೆ ಬೇಡುವಂಥದ್ದು, ಆದರೆ ಬದಲಾಗುವ ಸಂಗೀತ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ರಾಕ್ ಸಂಗೀತದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. 1968ರಲ್ಲಿ ಸಿಂಗಲ್ ಆಗಿ ಹೊರಬಂದಾಗ ಇದು ಮೂರು ನಿಮಿಷವನ್ನೂ ಮುಟ್ಟದ ಪುಟ್ಟ ಹಾಡು. ಮೊದಲು ಅದನ್ನೇ ಕೇಳಿ, ಮುಖ್ಯ ಪಲುಕನ್ನು ನೆನಪಿಟ್ಟುಕೊಳ್ಳಿ. ಬಳಿಕ 1969ರ ‘ಲೈವ್/ಡೆಡ್’ ಆಲ್ಬಮ್‌ನ ಆವೃತ್ತಿಗೆ ಬನ್ನಿ. ಆ ವರ್ಷದ ಫೆಬ್ರವರಿಯಲ್ಲಿ ಫಿಲ್‌ಮೋರ್ ವೆಸ್ಟ್‌ನಲ್ಲಿ ಮುದ್ರಿಸಿಕೊಂಡ ಅದೇ ಹಾಡು 23 ನಿಮಿಷಗಳಿಗೆ ಹಿಗ್ಗಿದೆ. ಎರಡು ಚರಣಗಳ ನಡುವೆ ಏನು ಬೇಕಾದರೂ ಆಗಬಹುದು. ಮುಖ್ಯ ಪಲುಕು ಆಗಾಗ ಮರಳಿ ಬಂದು ನಾವೆಲ್ಲಿದ್ದೇವೆ ಎಂದು ನೆನಪಿಸುತ್ತದೆ.

ಸಂಗೀತ ಬಲ್ಲವರಿಗೆ ಒಂದು ಮಾತು. ಈ ಹಾಡಿನ ಆಧಾರ ಸ್ವರಶ್ರೇಣಿ ಪಾಶ್ಚಾತ್ಯರ ಮಿಕ್ಸೊಲಿಡಿಯನ್, ಅಂದರೆ ನಮ್ಮ ಹರಿಕಾಂಭೋಜಿ ಮೇಳದ ಸ್ವರಗಳು. ಇಲ್ಲಿ ರಾಗವನ್ನು ಹುಡುಕಬೇಕಾಗಿಲ್ಲ. ಗಮಕವಾಗಲಿ ನಿಯತ ಸಂಚಾರವಾಗಲಿ ಇಲ್ಲ, ಬ್ಯಾಂಡ್ ಬೇಕೆಂದಾಗ ಶ್ರೇಣಿಯನ್ನೇ ಬಿಟ್ಟು ಹೊರಗೆ ಹೋಗುತ್ತದೆ. ಆದರೂ ಆಧಾರ ಷಡ್ಜ ಯಾವುದೆಂದು ಹಿಡಿದುಕೊಂಡು ಕೇಳಿದರೆ ಹೊರಹೋಗುವುದೂ ಮರಳುವುದೂ ಬಹು ಸ್ಪಷ್ಟವಾಗಿ ತಿಳಿಯುತ್ತದೆ. ಅದೇ ಆಲ್ಬಮ್‌ನಲ್ಲಿ ‘ದಿ ಇಲೆವೆನ್’ ಎಂಬ ಹಾಡೂ ಇದೆ, ಅದರ ಹನ್ನೊಂದು ಎಣಿಕೆಯನ್ನು ‘ತಕಿಟ ತಕಿಟ ತಕಿಟ ತಕ’ ಎಂದು ಕೈಯಲ್ಲಿ ಹಾಕಿಕೊಂಡೇ ಕೇಳಬಹುದು. ಇದಕ್ಕೊಂದು ಹಿನ್ನೆಲೆಯೂ ಇದೆ. 1967ರಲ್ಲಿ ಬ್ಯಾಂಡ್ ಸೇರಿದ ಡ್ರಮ್ಮರ್ ಮಿಕಿ ಹಾರ್ಟ್ ತಬಲಾ ವಿದ್ವಾಂಸ ಅಲ್ಲಾ ರಖಾ ಅವರ ಬಳಿ ಲಯದ ಪಾಠ ಕೇಳಿದವರು. ಮುಂದೆ ಜಾಕಿರ್ ಹುಸೇನ್ ಅವರ ಜೊತೆಗೂಡಿ, ಘಟವಾದಕ ವಿಕ್ಕು ವಿನಾಯಕರಾಂ ಅವರೂ ಪಾಲ್ಗೊಂಡ ‘ಪ್ಲಾನೆಟ್ ಡ್ರಮ್’ ಎಂಬ ಆಲ್ಬಮ್ಮನ್ನು 1991ರಲ್ಲಿ ಹೊರತಂದವರು.

ಮೂರನೆಯದಾಗಿ 1972ರ ಆಗಸ್ಟ್ 27ರಂದು ಒರೆಗನ್ ರಾಜ್ಯದ ವೆನಿಟಾದಲ್ಲಿ ನುಡಿಸಿದ ‘ಡಾರ್ಕ್ ಸ್ಟಾರ್’. ಸ್ನೇಹಿತರ ಕುಟುಂಬವೊಂದು ನಡೆಸುತ್ತಿದ್ದ ಡೈರಿಯ ಸಹಾಯಾರ್ಥ ಬಯಲಿನಲ್ಲಿ ಏರ್ಪಾಡಾದ ಕಾರ್ಯಕ್ರಮವದು, ಸುಡುಬಿಸಿಲಿನಲ್ಲಿ ವಾದ್ಯಗಳ ಶ್ರುತಿ ನಿಲ್ಲುವುದೇ ಕಷ್ಟವಾಗಿತ್ತು. ಹಾಡು ಅರ್ಧ ಗಂಟೆಯನ್ನು ದಾಟುತ್ತದೆ. ನಾಲ್ಕನೆಯದು 1989ರ ಅಕ್ಟೋಬರ್ 9, ವರ್ಜೀನಿಯಾದ ಹ್ಯಾಂಪ್ಟನ್. ಇದರ ಆಡಿಯನ್ಸ್ ಮುದ್ರಣವನ್ನೇ ಕೇಳಬೇಕೆಂದು ನಾನು ಒತ್ತಾಯಿಸುತ್ತೇನೆ. 1984ರ ಜುಲೈ ನಂತರ ಬ್ಯಾಂಡ್ ಈ ಹಾಡನ್ನು ಮುಟ್ಟಿಯೇ ಇರಲಿಲ್ಲ; ಐದು ವರ್ಷ ಕಾದಿದ್ದ ಜನ ಮೊದಲ ಕೆಲವು ಸ್ವರಗಳಿಗೇ ಹಾಡನ್ನು ಗುರುತಿಸಿ ಎಬ್ಬಿಸುವ ಘೋಷವನ್ನು ಕೇಳಿದರೆ ಪಟ್ಟಿ ಬದಲಿಸುವುದರ ಅರ್ಥ ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ದಿನವೂ ನುಡಿಸುವ ಹಾಡಿಗೆ ಯಾರೂ ಹಾಗೆ ಕೂಗುವುದಿಲ್ಲ.

ಪಟ್ಟಿಯನ್ನು ಓದುವುದು

ಎರಡು ಹಾಡುಗಳ ಬೆನ್ನುಹತ್ತಿದ ಮೇಲೆ ಒಂದು ಪೂರ್ಣ ಕಾರ್ಯಕ್ರಮವನ್ನು ಕೇಳಬಹುದು. ಆಗ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಎರಡು ಹಾಡುಗಳ ನಡುವೆ ಬಾಣದ ಗುರುತಿದ್ದರೆ ಸಂಗೀತ ನಿಲ್ಲದೆ ಒಂದರಿಂದ ಇನ್ನೊಂದಕ್ಕೆ ಹರಿದಿದೆ ಎಂದರ್ಥ. ಅಲ್ಪವಿರಾಮವಿದ್ದರೆ ನಡುವೆ ನಿಂತಿದ್ದಾರೆ. ಗ್ರೇಟ್‌ಫುಲ್ ಡೆಡ್‌ನಲ್ಲಿ ಸಾಮಾನ್ಯವಾಗಿ ಮೊದಲ ಸೆಟ್ ಬಿಡಿ ಹಾಡುಗಳದ್ದು, ಎರಡನೆಯದು ಬಾಣಗಳದ್ದು. ಎರಡನೆಯ ಸೆಟ್‌ನ ನಡುವೆ ‘ಡ್ರಮ್ಸ್’ ಮತ್ತು ‘ಸ್ಪೇಸ್’ ಎಂದು ಕಂಡರೆ ಮೊದಲು ಡ್ರಮ್ಮರ್‌ಗಳು ಮಾತ್ರ, ಆಮೇಲೆ ತಾಳದ ಹಂಗಿಲ್ಲದೆ ಉಳಿದವರು ನುಡಿಸಿದ ಭಾಗ ಎಂದು ತಿಳಿಯಿರಿ. ಬೇಸರವಾದರೆ ಮೊದಮೊದಲು ಅದನ್ನು ದಾಟಿಹೋಗಬಹುದು. ಒಂದೇ ಹಾಡಿನ ಹೆಸರು ಎರಡು ಕಡೆ ಬಂದಿದ್ದರೆ ಅದು ಅಚ್ಚಿನ ತಪ್ಪಲ್ಲ; ಹಾಡಿನ ಮಧ್ಯದಲ್ಲಿ ಹೊರಟುಹೋಗಿ, ಬೇರೊಂದು ಹಾಡು ಹಾಡಿ, ಮತ್ತೆ ಬಂದು ಉಳಿದದ್ದನ್ನು ಮುಗಿಸಿದ್ದಾರೆ. ಬಾರ್ಟನ್ ಹಾಲ್‌ನ ಪಟ್ಟಿಯಲ್ಲೇ ‘ಸೇಂಟ್ ಸ್ಟೀಫನ್’ ಹೀಗೆ ಎರಡು ಸಲ ಬರುತ್ತದೆ.

ಬೇರೆ ಬ್ಯಾಂಡ್‌ಗಳ ಕಡೆಗೆ

ಇದೇ ಕ್ರಮವನ್ನು ಉಳಿದವರಿಗೂ ಅನ್ವಯಿಸಬಹುದು. 1983ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಫಿಶ್, 2017ರ ಜುಲೈ–ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 13 ರಾತ್ರಿ ನುಡಿಸಿತು. ಒಟ್ಟು 237 ಹಾಡುಗಳಲ್ಲಿ ಒಂದೂ ಎರಡನೆಯ ಸಲ ಬರಲಿಲ್ಲ. ಸಂಖ್ಯೆ ದೊಡ್ಡದೇ, ಆದರೆ ಸಂಖ್ಯೆಗಾಗಿ ಆ ರಾತ್ರಿಗಳನ್ನು ಕೇಳಬೇಕಾಗಿಲ್ಲ. ಜುಲೈ 25ರ ‘ಲಾನ್ ಬಾಯ್’ ಒಂದನ್ನೇ ಕೇಳಿ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುವ ಆ ಮೆಲುದನಿಯ ಹಾಡು ಅಂದು ಅರ್ಧ ಗಂಟೆಯಷ್ಟು ಬೆಳೆಯಿತು, ಹೀಗಾಗುತ್ತದೆಂದು ಸಭೆಯಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ಇಂಥ ಬ್ಯಾಂಡಿಗೆ ಬೆಳಕಿನ ವಿನ್ಯಾಸವೂ ಮೊದಲೇ ಬರೆದಿಟ್ಟದ್ದಾಗಿರಲು ಸಾಧ್ಯವಿಲ್ಲ. ಕ್ರಿಸ್ ಕುರೋಡಾ ಅವರು ದಶಕಗಳಿಂದ ಸಂಗೀತವನ್ನು ಕೇಳುತ್ತ ಕೇಳುತ್ತಲೇ ಬೆಳಕನ್ನು ನಡೆಸುತ್ತ ಬಂದಿದ್ದಾರೆ, ಆದ್ದರಿಂದ ಫಿಶ್‌ನ ಮಟ್ಟಿಗೆ ಧ್ವನಿಯ ಜೊತೆಗೆ ವಿಡಿಯೋವನ್ನೂ ನೋಡುವುದು ಒಳ್ಳೆಯದು.

ದೀರ್ಘ ಜಾಮ್‌ಗಳು, ಅಂದರೆ ಹಾಡಿನ ನಡುವೆ ಆಗಿಂದಾಗ್ಗೆ ಕಲ್ಪಿಸಿಕೊಂಡು ಬೆಳೆಸುವ ವಾದನ, ಒಗ್ಗದವರು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರಿಂದ ಆರಂಭಿಸಲಿ. ಅವರ ಇ ಸ್ಟ್ರೀಟ್ ಬ್ಯಾಂಡ್ ಹಾಡನ್ನು ಬಿಚ್ಚಿ ಹರಡುವುದಕ್ಕಿಂತ ಹಾಡುಗಳ ಸಾಲನ್ನು ಕಟ್ಟುವುದರಲ್ಲಿ ನಿಪುಣ. ಪ್ರೇಕ್ಷಕರು ಹಲಗೆಗಳ ಮೇಲೆ ಬರೆದು ತಂದ ಕೋರಿಕೆಗಳನ್ನು ಅವರು ವೇದಿಕೆಯಿಂದ ಬಗ್ಗಿ ಎತ್ತಿಕೊಂಡು, ಬ್ಯಾಂಡಿಗೆ ತೋರಿಸಿ, ಅಲ್ಲಿಯೇ ನುಡಿಸಿದ ಉದಾಹರಣೆಗಳು ಬೇಕಾದಷ್ಟಿವೆ. 2012ರ ಜುಲೈ 31ರಂದು ಹೆಲ್ಸಿಂಕಿಯಲ್ಲಿ ಅವರು ನಾಲ್ಕು ಗಂಟೆಗೂ ಮೀರಿ ಹಾಡಿದರು. ಅವರಲ್ಲಿ ಹಿಂಬಾಲಿಸಬೇಕಾದ ಹಾಡು ‘ಪ್ರೂವ್ ಇಟ್ ಆಲ್ ನೈಟ್’: ಆಲ್ಬಮ್ಮಿನಲ್ಲಿ ನೇರವಾಗಿ ಶುರುವಾಗುವ ಈ ಹಾಡಿಗೆ 1978ರ ಪ್ರವಾಸದಲ್ಲಿ ಪಿಯಾನೊ ಮತ್ತು ಗಿಟಾರಿನ ದೀರ್ಘ ಪೀಠಿಕೆಯಿತ್ತು. ಆ ವರ್ಷದ ಹಲವು ಕಾರ್ಯಕ್ರಮಗಳು ರೇಡಿಯೊದಲ್ಲಿ ನೇರಪ್ರಸಾರವಾದದ್ದರಿಂದ ಒಳ್ಳೆಯ ಮುದ್ರಣಗಳಿಗೆ ಕೊರತೆಯಿಲ್ಲ.

ಪರ್ಲ್ ಜ್ಯಾಮ್‌ನಲ್ಲಿ ಪ್ರತಿ ಸಂಜೆಯ ಪಟ್ಟಿಯನ್ನು ಗಾಯಕ ಎಡ್ಡಿ ವೆಡರ್ ಕೈಯಾರೆ ಬರೆಯುತ್ತಾರೆ. 2000ದ ಯುರೋಪ್ ಪ್ರವಾಸದ 25 ಕಾರ್ಯಕ್ರಮಗಳನ್ನು ಬ್ಯಾಂಡ್ ಒಂದೇ ದಿನ 25 ಆಲ್ಬಮ್‌ಗಳಾಗಿ ಮಾರುಕಟ್ಟೆಗೆ ಬಿಟ್ಟಿತು. ಇನ್ನು 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿದವರಿಗೆ ಒಂದು ಸೂಚನೆ: 2023ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಆರಂಭವಾದ ಪ್ರವಾಸದಲ್ಲಿ ಆ ಬ್ಯಾಂಡ್ ಒಂದೊಂದು ಊರಿನಲ್ಲಿ ಎರಡೆರಡು ರಾತ್ರಿ, ಒಂದೂ ಹಾಡು ಮರುಕಳಿಸದಂತೆ ನುಡಿಸುವ ಕ್ರಮವನ್ನು ಇಟ್ಟುಕೊಂಡಿತು. ಹೆವಿ ಮೆಟಲ್‌ನಂಥ ಬಿಗಿ ಸಂಗೀತದಲ್ಲಿ ಬದಲಾವಣೆ ಎಂದರೆ ಹಾಡಿನೊಳಗಿನದ್ದಲ್ಲ, ಆಯ್ಕೆಯದ್ದು. ಎರಡನ್ನೂ ಒಂದೇ ಎಂದು ಭಾವಿಸಬಾರದು. ಪಟ್ಟಿ ಬದಲಿಸಿದ ಮಾತ್ರಕ್ಕೆ ಕಾರ್ಯಕ್ರಮ ಉತ್ತಮವಾಗುವುದೂ ಇಲ್ಲ. ಅಪರೂಪದ ಹಾಡೆಂಬ ಕಾರಣಕ್ಕೆ ತಯಾರಿಯಿಲ್ಲದೆ ನುಡಿಸಿದ ಸಪ್ಪೆ ಆವೃತ್ತಿಗಿಂತ, ಪದೇ ಪದೇ ನುಡಿಸಿಯೂ ಹೊಸದೊಂದು ಬಾಗಿಲು ತೆರೆದ ಆವೃತ್ತಿಯನ್ನೇ ನಾನು ಆರಿಸುತ್ತೇನೆ.

ಎದುರಿಗೆ ಕುಳಿತು ಕೇಳುವ ಅವಕಾಶ ಬಂದಾಗ

ಅಮೆರಿಕ, ಯುರೋಪ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಅವಕಾಶ ಹೆಚ್ಚು. ಇಂಥ ಬ್ಯಾಂಡ್ ಒಂದೇ ಊರಿನಲ್ಲಿ ಎರಡು ಅಥವಾ ಮೂರು ರಾತ್ರಿ ನುಡಿಸುವುದಾದರೆ, ದುಬಾರಿ ಆಸನದಲ್ಲಿ ಒಂದು ರಾತ್ರಿ ಕೂರುವುದಕ್ಕಿಂತ ಅಗ್ಗದ ಆಸನದಲ್ಲಿ ಎರಡು ರಾತ್ರಿ ಕೂರುವುದು ಮೇಲು. ಹಿಂದಿನ ವಾರದ ಪಟ್ಟಿಗಳನ್ನು ಸೆಟ್‌ಲಿಸ್ಟ್ ಡಾಟ್ ಎಫ್ಎಂ ತಾಣದಲ್ಲಿ ನೋಡಿಕೊಳ್ಳಬಹುದು. ನಿನ್ನೆ, ಮೊನ್ನೆ ನುಡಿಸಿದ ಹಾಡುಗಳು ಇಂದು ಬರುವ ಸಂಭವ ಕಡಿಮೆ ಎಂಬಷ್ಟನ್ನು ಅದರಿಂದ ತಿಳಿಯಿರಿ, ಇಂಥ ಹಾಡೇ ಬರಬೇಕೆಂಬ ಹಟವನ್ನು ಮಾತ್ರ ಕಟ್ಟಿಕೊಳ್ಳಬೇಡಿ. ಗೊತ್ತಿಲ್ಲದ ಹಾಡು ಬಂದರೆ ಹೆಸರಿಗಾಗಿ ಫೋನು ತೆಗೆಯುವ ಅಗತ್ಯವಿಲ್ಲ, ರಾತ್ರಿ ಮುಗಿಯುವಷ್ಟರಲ್ಲಿ ಯಾರಾದರೂ ಪೂರ್ಣ ಪಟ್ಟಿಯನ್ನು ಬರೆದು ಹಾಕಿರುತ್ತಾರೆ. ಮುದ್ರಿಸಿಕೊಳ್ಳುವ ಆಸೆಯಿದ್ದರೆ ಬ್ಯಾಂಡಿನ ನಿಯಮವನ್ನು ಮೊದಲೇ ಓದಿಕೊಳ್ಳಿ. ಅನುಮತಿ ಇರುವಲ್ಲಿಯೂ ಪಕ್ಕದವರಿಗೆ ಮರೆಯಾಗದಂತೆ ಮೈಕಿನ ಕೋಲನ್ನು ನಿಲ್ಲಿಸುವುದು, ಮುದ್ರಣವನ್ನು ಹಣಕ್ಕೆ ಮಾರದಿರುವುದು ಹಳೆಯ ಟೇಪರ್‌ಗಳು ಹಾಕಿಕೊಟ್ಟ ಶಿಸ್ತು. ಫಿಶ್, ಮೆಟಾಲಿಕಾ, ಸ್ಪ್ರಿಂಗ್‌ಸ್ಟೀನ್ ಮೊದಲಾದವರು ತಮ್ಮ ಕಾರ್ಯಕ್ರಮಗಳ ಅಧಿಕೃತ ಮುದ್ರಣವನ್ನು ತಾವೇ ಮಾರುತ್ತಾರೆ. ನೀವು ಹೋಗಿದ್ದ ರಾತ್ರಿಯದನ್ನು ಕೊಂಡುಕೊಂಡು, ಕೇಳುವುದಕ್ಕೆ ಮೊದಲು ಆ ರಾತ್ರಿ ನಿಮಗೆ ಹಿಡಿಸಿದ ಒಂದು ಜಾಗವನ್ನು ನೆನಪಿನಿಂದ ಬರೆದಿಟ್ಟುಕೊಳ್ಳಿ: ಯಾವ ಹಾಡು, ಯಾವ ವಾದ್ಯ, ಏನಾಯಿತು. ಆಮೇಲೆ ಆ ಒಂದು ಹಾಡನ್ನೇ ಹಾಕಿ, ಅದೇ ಪ್ರವಾಸದ ಇನ್ನೆರಡು ಊರುಗಳಲ್ಲಿ ಅದೇ ಜಾಗಕ್ಕೆ ಬಂದಾಗ ಬ್ಯಾಂಡ್ ಏನು ಮಾಡಿತು ಎಂದು ಹುಡುಕಿ ಕೇಳಿ.